ಐದರ ಮೇಲಿನ ಚುಕ್ಕೆ

ಅಂಗಡಿಯ ಕಪಾಟಿನಲ್ಲಿ ಗಾಜಿನ ಫೋನು ಗುಂಡಿ ಫೋನನ್ನು ಹೀಯಾಳಿಸಿತು: "ನಾನು ದಾರಿ ತೋರಿಸುತ್ತೇನೆ, ಸಿನಿಮಾ ತೋರಿಸುತ್ತೇನೆ, ಮುಖ ನೋಡಿ ಗುರುತು ಹಿಡಿಯುತ್ತೇನೆ. ನಿನಗೇನು ಬರುತ್ತದೆ?"

"ಕರೆ ಮುಟ್ಟಿಸುತ್ತೇನೆ. ಕತ್ತಲಾದರೆ ಟಾರ್ಚು ಹೊತ್ತಿಸುತ್ತೇನೆ. ಅಷ್ಟೇ."

ಆ ಟಾರ್ಚೂ ಬೇಕಿಲ್ಲದವಳೊಬ್ಬಳು ಬಂದಳು, ಕಣ್ಣು ಕಾಣದ ದ್ಯಾಮವ್ವ. ತನ್ನ ಕೈಗೆ ಒಗ್ಗುವ ಫೋನು ಹುಡುಕುತ್ತ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಸೋತಿದ್ದಳು. ಗಾಜಿನ ಫೋನನ್ನು ಸವರಿ, "ಇದರಾಗ ಬೆರಳು ಜಾರತೈತಿ ತಮ್ಮಾ" ಎಂದು ಅಂಗಡಿಯವನಿಗೆ ತಿರುಗಿ ಕೊಟ್ಟಳು. ಗುಂಡಿ ಫೋನಿನ ಐದರ ಮೇಲಿನ ಉಬ್ಬು ಚುಕ್ಕೆ ಬೆರಳಿಗೆ ತಾಕಿದ್ದೇ ಮುಖ ಅರಳಿತು. "ಸಿಕ್ತು ನೋಡು! ಈ ಚುಕ್ಕಿ ಗುರುತಿನ ಮ್ಯಾಲೆ ಉಳಿದ ಅಂಕಿ ಹುಡುಕತೀನಿ. ಇನ್ನ ಮಗಳಿಗೆ ನಾನೇ ಫೋನ್ ಹಚ್ಚತೀನಿ."

ಮನೆಗೆ ಹೋಗಿ ಹಚ್ಚಿದಳು. ಗುಂಡಿ ಫೋನು ಗುಡ್ಡದ ಮೇಲಿನ ಟವರನ್ನು ಕೂಗಿತು: "ಅಣ್ಣಾ, ಒಂದು ದನಿ ತಂದಿದ್ದೇನೆ, ದಾಟಿಸು."

"ಹೋದ ತಿಂಗಳು ಕಂಪನಿ ಹಳೆಯ ನೆಟ್‌ವರ್ಕ್ ಮುಚ್ಚಿತು. ಅಂದಿನಿಂದ ಹಳೆಯ ಫೋನುಗಳ ಮಾತು ಕೇಳುವುದನ್ನು ನಾನು ಬಿಟ್ಟಿದ್ದೇನೆ" ಎಂದಿತು ಟವರು.

"ಅವಳು ಕಾಯುತ್ತಿದ್ದಾಳೆ."

"ಕಾಯಲಿ."

ದ್ಯಾಮವ್ವ ಚುಕ್ಕೆ ಹುಡುಕಿ ಹುಡುಕಿ ಮತ್ತೆ ಒತ್ತಿದಳು. ಗುಂಡಿ ಫೋನಿಗೆ ಉಳಿದಿದ್ದು ಒಂದೇ ವಿದ್ಯೆ. ಅದು ಟಾರ್ಚು ಹೊತ್ತಿಸಿತು. ಬ್ಯಾಟರಿ ಸಾಯುವವರೆಗೂ ಅವಳ ಕಾಣದ ಕಣ್ಣಿಗೆ ಬೆಳಕು ಹಿಡಿದೇ ಇತ್ತು.