ದಾಸವಾಳ ಬೇಲಿಯಾಚೆ ಬಗ್ಗಿದ್ದು

ಲೋಕ ಆಗಿನ್ನೂ ಹೊಸದು. ಸೂರ್ಯನಿಗೇ ದಾರಿ ರೂಢಿಯಾಗಿರಲಿಲ್ಲ. ಒಂದೊಂದು ದಿನ ಬಡಗಣ ದಿಕ್ಕಿನಿಂದ ಎದ್ದು ಬಂದು ಕೋಳಿಗಳ ಹತ್ತಿರ ಬೈಸಿಕೊಳ್ಳುತ್ತಿದ್ದ. ನಗಬೇಡ, ಕೇಳು.

ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ದಾಸವಾಳದ ಗಿಡ. ಅದು ಹೊಂಬಾಳಮ್ಮ ಅನ್ನೋಳ ಹಿತ್ತಲಲ್ಲಿತ್ತು. ಬೆಳಗ್ಗೆ ಕೆಂಪಗೆ ಅರಳುತ್ತಿತ್ತು, ಸಂಜೆಗೆ ಮುದುಡಿ ಉದುರುತ್ತಿತ್ತು. ಕಾಯಿಲ್ಲ, ಬೀಜವಿಲ್ಲ.

ದಾಸವಾಳಕ್ಕೆ ಚಿಂತೆ ಹತ್ತಿತು. "ನಾನು ಒಣಗಿದರೆ ನನ್ನ ಕುಲವೇ ಮುಗೀತಲ್ಲ!" ಅಂತ ಗಾಳಿಯ ಮುಂದೆ ಅತ್ತಿತು.

"ಬೀಜ ಕೊಡು, ಊರೂರಿಗೆ ಒಯ್ತೀನಿ. ಬರಿಗೈಲಿ ಏನು ಹೊರಲಿ?" ಅಂದಿತು ಗಾಳಿ.

ಭೂಮಿತಾಯಿಯನ್ನು ಕೇಳಿದರೆ ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ನಿನ್ನ ಹೂವಿಗೆ ಬಣ್ಣ ಬಳಿಯೋ ಭರದಲ್ಲಿ ಬೀಜ ಇಡೋದೇ ಮರೆತೆ ಕಣೇ! ಈಗ ಚೀಲ ಖಾಲಿ. ಹೋಗಲಿ ಬಿಡು, ನಿನ್ನ ಕಡ್ಡಿಕಡ್ಡಿಯಲ್ಲೂ ಜೀವ ಇಡ್ತೀನಿ. ಯಾರಾದರೂ ಮುರಿದು ನೆಟ್ಟರೆ ಸಾಕು, ಮತ್ತೆ ಹುಟ್ತೀಯ."

ಸರಿ, ಮುರಿಯೋರು ಯಾರು? ಹೊಂಬಾಳಮ್ಮ ಎಂಜಲು ಕೈಲಿ ಕಾಗೆ ಓಡಿಸದ ಹೆಂಗಸು. ಗಿಡದ ಪಕ್ಕದಲ್ಲೇ ಮಣೆ ಹಾಕಿಕೊಂಡು ಕಾಯುತ್ತಿದ್ದಳು.

ಪಕ್ಕದ ಮನೆಯ ಪುಟ್ಟೀರಮ್ಮನ ಮಗಳು ಕೆಂಚಿಯ ತಲೆ ಸಿಕ್ಕುಸಿಕ್ಕಾಗಿ ಜಡೆಗಟ್ಟಿತ್ತು. ಬಾಚಣಿಗೆ ಕಂಡರೆ ಹುಡುಗಿ ಊರು ಬಿಟ್ಟು ಓಡುತ್ತಿದ್ದಳು. ಪುಟ್ಟೀರಮ್ಮ ಬಂದು, "ಅಕ್ಕಾ, ತಲೆಗೆ ಹಚ್ಚೋಕೆ ಒಂದು ಹಿಡಿ ಎಲೆ ಕೊಡ್ತೀಯಾ?" ಅಂತ ಕೇಳಿದಳು.

"ಎಲೆ ಕೊಟ್ಟರೆ ಗಿಡ ಬೋಳಾಗುತ್ತೆ, ಹೋಗೇ!" ಅಂದಳು ಹೊಂಬಾಳಮ್ಮ.

ಇದನ್ನು ಕೇಳಿ ದಾಸವಾಳಕ್ಕೆ ತಡೆಯಲಾಗಲಿಲ್ಲ. "ಗಾಳಿಯಣ್ಣ, ಸ್ವಲ್ಪ ತಳ್ಳೋ" ಅಂತು. ಗಾಳಿ ತಳ್ಳಿತು, ದಾಸವಾಳ ಬಗ್ಗಿತು. ಮಾರನೆಯ ದಿನ ಇನ್ನಷ್ಟು ತಳ್ಳಿತು, ಇನ್ನಷ್ಟು ಬಗ್ಗಿತು. ಹೀಗೆ ಬಗ್ಗಿ ಬಗ್ಗಿ ಒಂದು ಕೊಂಬೆ ಬೇಲಿ ದಾಟಿ ಪುಟ್ಟೀರಮ್ಮನ ಮೂಗಿನ ಹತ್ತಿರ ಬಂತು. ಮಟಮಟ ಮಧ್ಯಾಹ್ನ. ಹೊಂಬಾಳಮ್ಮ ಮಣೆಯ ಮೇಲೇ ಕೂತು ಗೊರಕೆ ಹೊಡೆಯುತ್ತಿದ್ದಳು.

"ಮುರಿಯೇ!" ಅಂತು ದಾಸವಾಳ.

"ಅಯ್ಯಪ್ಪಾ, ಕದಿಯೋದಾ? ನನ್ನ ಕೈಲಾಗಲ್ಲ."

"ಎಲೆ ನಿನ್ನ ಮಗಳಿಗಿರಲಿ, ಕಡ್ಡಿ ಮಣ್ಣಿಗಿರಲಿ. ನಾನೇ ಕರೀತಿದೀನಲ್ಲೇ! ನನ್ನ ಕುಲ ಉಳಿಸೇ, ತಾಯಿ!"

ಪುಟ್ಟೀರಮ್ಮ ಕಣ್ಣು ಮುಚ್ಚಿಕೊಂಡು ಲಟಕ್ಕನೆ ಮುರಿದಳು. ಎಲೆ ಅರೆದು ಹಚ್ಚಿದರೆ ನೊರೆನೊರೆ, ಲೋಳೆಲೋಳೆ! ಕೆಂಚಿಯ ತಲೆಯಲ್ಲಿ ಬಾಚಣಿಗೆ ಸರ್‍ರನೆ ಜಾರಿತು. ಕಡ್ಡಿಯನ್ನು ಬಚ್ಚಲ ನೀರು ಹರಿಯುವ ಕಡೆ ಊರಿದರೆ ಹದಿನೈದೇ ದಿನಕ್ಕೆ ಚಿಗುರಿತು.

ಇತ್ತ ಹೊಂಬಾಳಮ್ಮ ಎದ್ದು ನೋಡುತ್ತಾಳೆ, ಕೊಂಬೆ ಮಾಯ! ಉಳಿದ ಗಿಡವನ್ನಾದರೂ ಬಿಗಿಯಾಗಿ ಒಳಕ್ಕೆ ಎಳೆದು ಕಟ್ಟೋಣ ಅಂದುಕೊಂಡಳು. ಹೊಸ ಹಗ್ಗ ಯಾಕೆ ದಂಡ ಅಂತ ಮೇಕೆಯ ಹಗ್ಗವನ್ನೇ ಬಿಚ್ಚಿ ಕಟ್ಟಿದಳು. ಆಮೇಲೇನು ಹೇಳೋದು! ಮೇಕೆ ಎಲೆ ತಿಂತು, ಹೂ ತಿಂತು, ಸಿಪ್ಪೆ ಸುಲಿದು ತಿಂತು, ಬುಡವನ್ನೂ ಬಿಡಲಿಲ್ಲ. ಹೊಂಬಾಳಮ್ಮ ಮೂರು ದಿನ ಅತ್ತಳು. ಪಾಪ, ಜಿಪುಣಿಯಾದರೂ ಆ ಗಿಡ ಅಂದರೆ ಅವಳಿಗೆ ಪ್ರಾಣ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಪುಟ್ಟೀರಮ್ಮನ ಬಚ್ಚಲ ಹಿಂದೆ ಕೆಂಪಗೆ ಏನೋ ಕಂಡಿತು. ಹೊಂಬಾಳಮ್ಮ ಬೇಲಿಯ ಹತ್ತಿರ ಓಡಿ ಬಂದಳು. ಹೂವನ್ನು ನೋಡಿದಳು, ಎಲ್ಲ ಅರ್ಥವಾಯಿತು. ಕೇಳೋಣ ಅಂದರೆ ಯಾವ ಬಾಯಲ್ಲಿ ಕೇಳೋದು? ಕಣ್ಣಲ್ಲಿ ನೀರು ತುಂಬಿಕೊಂಡು ಬೇಲಿ ಹಿಡಿದು ನಿಂತಳು.

ಪುಟ್ಟೀರಮ್ಮನಿಗೂ ನಾಚಿಕೆ. ಕರೆದು ಒಂದು ಕಡ್ಡಿ ಕೊಡೋಣ ಅಂದರೆ ಕಳ್ಳತನ ಒಪ್ಪಿಕೊಂಡ ಹಾಗೆ. ಆದರೆ ಆ ಮುಖ ನೋಡಿ ಅವಳ ಕರುಳು ಚುರ್ ಅಂತು. "ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದೆ!" ಅಂತ ಜೋರಾಗಿ ಕೂಗಿ, ಬೇಕಂತಲೇ ಬೆನ್ನು ತಿರುಗಿಸಿ ಒಳಗೆ ಹೋದಳು. ದಾಸವಾಳ ಮೆಲ್ಲಗೆ ಬೇಲಿಯಾಚೆ ಬಗ್ಗಿತು. ಹಿಂದಿನಿಂದ ಲಟಕ್ ಅಂತ ಸದ್ದು ಕೇಳಿತು. ಪುಟ್ಟೀರಮ್ಮ ತಿರುಗಿ ನೋಡಲಿಲ್ಲ, ಒಳಗೊಳಗೇ ನಕ್ಕಳು.

ಅದಕ್ಕೇ ಮಗಾ, ಇವತ್ತಿಗೂ ಯಾರ ಮನೆಯ ದಾಸವಾಳವೂ ತನ್ನ ಕಾಂಪೌಂಡಿನೊಳಗೆ ನೆಟ್ಟಗೆ ನಿಲ್ಲುವುದಿಲ್ಲ, ಬೀದಿಗೆ ಕತ್ತು ಚಾಚಿಯೇ ಇರುತ್ತದೆ. ಬೀದಿಯ ಕೈಯೊಂದು ಅದರ ಕಡ್ಡಿ ಮುರಿಯುವಾಗ ಮನೆಯಾಕೆಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ.