ಸುಭದ್ರಮ್ಮನ ಅಂಕಿಗಳು

"ಯಂತ್ರದ ದೋಷ ಸಿಕ್ಕಿತು, ಸರಿಪಡಿಸಿದೆ. ಇನ್ನೂ ಕೆಲಸ ಬಾಕಿಯಿದೆ ಎನ್ನುತ್ತೀರಲ್ಲ, ಏನದು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಕಿವಿ ಮಂದವಾದ ಮಕ್ಕಳ ಶಾಲೆಯೊಂದರಲ್ಲಿ ಸುಭದ್ರಮ್ಮ ಎಂಬ ದಾಖಲೆಗಾರ್ತಿಯಿದ್ದಳು. ಯಾವ ಮಗುವಿಗೆ ಎಷ್ಟು ಕೇಳಿಸುತ್ತದೆ ಎಂಬ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ಅವನ್ನು ನೋಡಿಯೇ ಶ್ರವಣಯಂತ್ರದ ಸದ್ದನ್ನು ಹೊಂದಿಸುತ್ತಿದ್ದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಯಂತ್ರವನ್ನು ಕಿತ್ತೆಸೆದು ಅತ್ತಳು. ಅವಳ ಅಂಕಿಗಳು ತಪ್ಪಾಗಿ ಸದ್ದು ಅತಿಯಾಗಿತ್ತು. ಹುಡುಕಿದಾಗ ಅಂಥ ದಾಖಲೆಗಳು ಇನ್ನೂ ಎಂಟು ಸಿಕ್ಕವು.

ಸುಭದ್ರಮ್ಮನಿಗೆ ಕಣ್ಣು ಮಂಜಾಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಯಾರೂ ಗದರಲಿಲ್ಲ. ಅವಳೂ ಹಾಗೆಯೇ ನಂಬಿದಳು. ಒಂದೊಂದು ಅಂಕಿಯನ್ನೂ ಮೂರು ಸಲ ಓದತೊಡಗಿದಳು. ಆದರೂ ತಪ್ಪು ನಿಲ್ಲಲಿಲ್ಲ. ಕೊನೆಗೆ ಕೆಲಸ ಬಿಡುವ ಪತ್ರ ಬರೆದಿಟ್ಟಳು.

ಅದೇ ವಾರ ಕಂಪ್ಯೂಟರ್ ನೋಡಲು ಬೇರೆ ಊರಿನಿಂದ ತಿಪ್ಪೇಶ ಎಂಬ ತಂತ್ರಜ್ಞ ಬಂದ. ದಾಖಲೆಗಳು ಉಳಿಯುವ ಡಿಸ್ಕ್ ಬದಲಿಸಿ ನೋಡಿದ, ಫಲವಿಲ್ಲ. ಆಮೇಲೆ ಕೆಟ್ಟ ದಾಖಲೆಗಳ ಹೊತ್ತುಗಳನ್ನು ಬರೆದುಕೊಂಡ. ಎಲ್ಲವೂ ಕರೆಂಟು ಹೋಗುವ ಸ್ವಲ್ಪ ಮೊದಲು ಬರೆದವು. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಕರ್ನಲ್‌ನ ಸೆಟ್ಟಿಂಗುಗಳನ್ನು ತೆರೆದ. ಬರೆದದ್ದನ್ನು ಕೂಡಲೇ ಡಿಸ್ಕಿಗೆ ಇಳಿಸದೆ ಬಹಳ ಹೊತ್ತು ಯಂತ್ರದ ತಾತ್ಕಾಲಿಕ ನೆನಪಿನಲ್ಲೇ ಇಟ್ಟುಕೊಳ್ಳುವಂತೆ, ಕೆಲಸ ಬೇಗ ಸಾಗಲೆಂದು ಯಾರೋ ಹಿಂದೆ ಹೊಂದಿಸಿದ್ದರು. ನಡುವೆ ಕರೆಂಟು ಹೋದರೆ ದಾಖಲೆಯಲ್ಲಿ ಅರ್ಧ ಹೊಸ ಅಂಕಿ, ಅರ್ಧ ಹಳೆಯದು ಉಳಿಯುತ್ತಿತ್ತು. ಅವನು ಅದನ್ನು ತಿದ್ದಿದ. ಆ ಮಕ್ಕಳನ್ನೆಲ್ಲ ಮತ್ತೆ ಪರೀಕ್ಷಿಸಿದರು.

"ಅಮ್ಮ, ನಿಮ್ಮ ಕಣ್ಣು ಸರಿಯಾಗಿಯೇ ಇದೆ" ಎಂದ ತಿಪ್ಪೇಶ.

"ಹೌದೇನಪ್ಪ?" ಎಂದಳು. ಆದರೆ ಮರುದಿನವೂ ಮೂರು ಸಲವೇ ಓದಿದಳು. ಬೆರಳು ಕೀಲಿಯ ಮೇಲೆ ನಿಂತೇಬಿಡುತ್ತಿತ್ತು.

ತಿಪ್ಪೇಶ ಊರಿಗೆ ಹೊರಡಲಿಲ್ಲ. ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ. ಅವಳು ತುಂಬಿದ್ದನ್ನು ಅವನು ಗಟ್ಟಿಯಾಗಿ ಓದುವುದು, ಅವಳು ಕಾಗದ ನೋಡಿ ಹೂಂ ಎನ್ನುವುದು. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೆಯ ದಿನ ಅವಳು ಒಂದೇ ಸಲ ಓದಿ ಕೀಲಿ ಒತ್ತಿದಳು. ಆಮೇಲೆ, ನೀನಿನ್ನು ಊರಿಗೆ ಹೋಗು, ಮನೆಯಲ್ಲಿ ಕಾಯುತ್ತಿರುತ್ತಾರೆ ಎಂದು ಅವನಿಗೆ ಬುತ್ತಿ ಕಟ್ಟಿಕೊಟ್ಟಳು.

"ಅಷ್ಟು ದಿನ ಅವನು ಕೂರಲೇಬೇಕಿತ್ತೇ?" ಎಂದ ಶಿಷ್ಯ.

ಗುರುಗಳು ಮೆಲ್ಲಗೆ ಕೇಳಿದರು: "ದೋಷ ಸಿಗುವ ಮೊದಲು ನೀನು ಯಾರನ್ನು ಅನುಮಾನಿಸಿದ್ದೆ?"

ಶಿಷ್ಯ ಎದ್ದು, ತಾನು ಅನುಮಾನಿಸಿದ್ದವನ ಬಳಿಗೆ ಹೊರಟ.