ಮರಿಯಮ್ಮನ ಕಾಲ ಕೆಳಗಿನ ಕಲ್ಲು

ಹೊಳೆದಂಡೆಯ ಮೇಲೆ ಒಂದು ಪುಟ್ಟ ಚರ್ಚು. ಒಳಗೆ ಕನ್ಯೆ ಮರಿಯಮ್ಮನವರ ಮರದ ಪ್ರತಿಮೆ. ಪಕ್ಕದ ಹೆಂಚಿನ ಕೋಣೆಯಲ್ಲಿ ಇನ್ನಾಸಪ್ಪ ಸ್ವಾಮಿಗಳು ಮತ್ತು ಅವರ ಶಿಷ್ಯ ಚೌರಪ್ಪ.

ಚೌರಪ್ಪನಿಗೆ ಪಾದ್ರಿಯಾಗುವ ಗುರುದೀಕ್ಷೆ ಹತ್ತಿರವಾಗಿತ್ತು. ಹುಡುಗ ಒಳ್ಳೆಯವನೇ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಎಲ್ಲದರಲ್ಲೂ ತಪ್ಪು ಆರಿಸುವ ಸ್ವಭಾವ.

ಅಲ್ಲಿಗೆ ಬರುವ ಹೆಂಗಸರು ಪ್ರತಿಮೆಯ ಪಾದಕ್ಕೆ ನೀರು ಹೊಯ್ಯುತ್ತಿದ್ದರು. ಬೇವಿನ ಸೊಪ್ಪು ಇಟ್ಟು, ಮೊಸರನ್ನ ಎಡೆ ಮಾಡುತ್ತಿದ್ದರು. ಚೌರಪ್ಪ ಹಲ್ಲುಕಚ್ಚಿ ಸಹಿಸಿಕೊಂಡಿದ್ದ.

ಒಂದು ಬೆಳಿಗ್ಗೆ ಲೂರ್ದಮ್ಮ ಎಂಬವಳು ಮೈತುಂಬ ಗುಳ್ಳೆ ಎದ್ದ ಕೂಸನ್ನು ಹೊತ್ತು ಬಂದಳು.

"ಕೂಸಿಗೆ ಅಮ್ಮ ಬಂದವ್ಳೆ ಸ್ವಾಮಿ," ಎಂದು ಪ್ರತಿಮೆಯ ಮುಂದೆ ಕುಸಿದಳು. "ಮಾರಿಯಮ್ಮಾ, ತಂಪಾಗು ನನ್ನವ್ವ!"

ಚೌರಪ್ಪನಿಗೆ ತಡೆಯಲಾಗಲಿಲ್ಲ.

"ಮಾರಿ ಅಲ್ಲಮ್ಮ, ಮರಿ. ಮಾರಿಯಮ್ಮ ಅಂದರೆ ಸಿಡುಬಿನ ದೇವತೆ. ಇವರು ಯೇಸುವಿನ ತಾಯಿ. ಮರಿಯಮ್ಮ. ದೀರ್ಘ ಇಲ್ಲ."

"ಹೂಂ ಸ್ವಾಮಿ," ಎಂದಳು ಲೂರ್ದಮ್ಮ. ಪ್ರತಿಮೆಯ ಕಡೆ ತಿರುಗಿ ಮತ್ತೆ "ಮಾರಿಯಮ್ಮಾ" ಎಂದೇ ಕೂಗಿದಳು. ಪಾದದ ನೀರನ್ನು ಕೂಸಿಗೆ ಚಿಮುಕಿಸಿಕೊಂಡು ಹೋದಳು.

ಗುರುಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಈ ಚರ್ಚು ಕಟ್ಟುವ ಮೊದಲು ಇಲ್ಲಿ ಏನಿತ್ತು?"

"ಹೊಳೆ ಇತ್ತು."

"ಮಾರಿಗುಡಿ ಇತ್ತಂತೆ. ಅದರ ಕಲ್ಲು ಈಗಲೂ ಪಾದದ ಕೆಳಗೆ ಇದೆಯಂತೆ. ನಿಜವೇ?"

"ನಾನು ಬಗ್ಗಿ ನೋಡಿಲ್ಲಪ್ಪ. ಸೊಂಟ ನೋವು."

"ತಮಾಷೆ ಬೇಡ ಗುರುಗಳೇ. ತಬ್ಬಲಿ ಮಗು ನಾನು, ಈ ಪಾದ ಹಿಡಿದೇ ಬೆಳೆದವನು. ಕೆಳಗೆ ಇರುವುದು ಅವಳಾದರೆ, ಇಷ್ಟು ವರ್ಷ ನಾನು ಕೈಮುಗಿದದ್ದು ಯಾರಿಗೆ?"

ಹುಡುಗ ನಿಜಕ್ಕೂ ಹೆದರಿದ್ದ, ಪಾಪ.

"ಅವಳನ್ನೇ ಕೇಳು," ಎಂದರು ಗುರುಗಳು.

"ಯಾರನ್ನ?"

ಗುರುಗಳು ನಕ್ಕು, ಲೂರ್ದಮ್ಮನ ಕೂಸನ್ನು ನೋಡಿಬರಲು ಊರೊಳಗೆ ಹೋದರು.

ಅವರು ಮರೆಯಾದದ್ದೇ ತಡ, ಚೌರಪ್ಪ ಹಾರೆ ತಂದು ಪಾದದ ಮುಂದಿನ ಚಪ್ಪಡಿ ಎಬ್ಬಿಸಿದ.

ಕಲ್ಲು ಇತ್ತು. ತೆಂಗಿನಕಾಯಿಯಷ್ಟು ದಪ್ಪ, ಕಪ್ಪಗೆ. ಮೂಗಿಲ್ಲ, ಬಾಯಿಲ್ಲ. ಕಣ್ಣಿನಂಥ ಎರಡು ಗುಳಿಗಳಲ್ಲಿ ನೀರು ನಿಂತಿತ್ತು. ಹೊರಗೆ ಬೆಂಕಿಯಂಥ ಬಿಸಿಲು, ಕಲ್ಲು ಮಾತ್ರ ಕೈ ಮರಗಟ್ಟುವಷ್ಟು ತಣ್ಣಗಿತ್ತು.

ಅದನ್ನು ಹೊತ್ತು ಹೋಗಿ ಹೊಳೆಯ ಮಡುವಿಗೆ ಎಸೆದ. ಬಿದ್ದ ಸದ್ದು ಕೇಳಲಿಲ್ಲ.

ಹಿಂತಿರುಗಿ ಬಂದರೆ, ಮರಿಯಮ್ಮನವರ ಮುಖದ ಬಣ್ಣ ಗುಳ್ಳೆ ಎದ್ದಿತ್ತು. ಹಣೆಯ ಮೇಲೆ, ಕೆನ್ನೆಯ ಮೇಲೆ, ಸಾಸಿವೆ ಕಾಳಿನಷ್ಟು ದಪ್ಪಗೆ. ಅವನು ಮೆಲ್ಲಗೆ ಮುಟ್ಟಿ ನೋಡಿದ. ಮರ ಜ್ವರದ ಮೈಯಂತೆ ಸುಡುತ್ತಿತ್ತು.

ಕೈ ಹಿಂದಕ್ಕೆ ಎಳೆದುಕೊಂಡ. ಅವನ ಕೈಯೂ ಸುಡುತ್ತಿತ್ತು.

ಗುರುಗಳು ಬಂದಾಗ ಅವನು ಪಾದದ ಬಳಿ ಬಿದ್ದು ನಡುಗುತ್ತಿದ್ದ. ಗುರುಗಳು ತೆರೆದ ಗುಂಡಿ ನೋಡಿದರು, ಪ್ರತಿಮೆಯ ಮುಖ ನೋಡಿದರು, ಶಿಷ್ಯನ ಮುಖ ನೋಡಿದರು.

"ಎಲ್ಲಿ ಹಾಕಿದೆ?"

"ಮಡುವಿಗೆ..."

ಬೈಯಲಿಲ್ಲ. ಅವನಿಗೊಂದು ಕಂಬಳಿ ಹೊದಿಸಿ, ಪಂಚೆ ಎತ್ತಿಕಟ್ಟಿ ಹೊಳೆಗೆ ಹೋದರು.

ಮಂಪರಿನಲ್ಲಿ ಚೌರಪ್ಪನಿಗೆ ತಾನು ಸಾಯುತ್ತಿದ್ದೇನೆ ಅನ್ನಿಸಿತು. ಕರೆಯಲು ಬಾಯಿ ತೆರೆದ. ಯಾವ ಹೆಸರೂ ನಾಲಿಗೆಗೆ ಬರಲಿಲ್ಲ. "ಅಮ್ಮಾ" ಎಂದಷ್ಟೇ ಹೊರಟಿತು.

ಯಾರೋ ಪಕ್ಕದಲ್ಲಿ ಬಂದು ಕೂತರು. ಹಣೆಯ ಮೇಲೆ ಒಂದು ಕೈ. ತಣ್ಣಗಿನ ಕೈ. ಚೌರಪ್ಪ ಹುಟ್ಟಿದಾಗಿನಿಂದ ಅಷ್ಟು ನೆಮ್ಮದಿಯಾಗಿ ಮಲಗಿರಲಿಲ್ಲ.

ಹೊತ್ತು ಮುಳುಗುವಾಗ ಎಚ್ಚರವಾಯಿತು. ಮರಿಯಮ್ಮನವರ ಮುಖ ಮೊದಲಿನ ಹಾಗೆ ನುಣುಪಾಗಿತ್ತು. ಯಾರೂ ನೀರು ಹೊಯ್ಯದಿದ್ದರೂ ಪಾದ ಒದ್ದೆಯಾಗಿತ್ತು. ಗುರುಗಳು ಬಾಗಿಲಲ್ಲಿ ನಿಂತು ಪಂಚೆ ಹಿಂಡುತ್ತಿದ್ದರು.

"ಗುರುಗಳೇ, ಇಷ್ಟು ಹೊತ್ತೂ ನನ್ನ ಹಣೆ ಮೇಲೆ ಕೈಯಿಟ್ಟು ಕೂತಿದ್ದಿರಿ..."

"ನಾನೆಲ್ಲಿ ಕೂತಿದ್ದೆ? ಈಗ ತಾನೇ ಮಡುವಿನಿಂದ ಎದ್ದು ಬರ್ತಿದ್ದೀನಿ. ಕಲ್ಲು ಸಿಗಲಿಲ್ಲ."

ಚೌರಪ್ಪ ಪ್ರತಿಮೆಯನ್ನು ನೋಡಿದ, ತೆರೆದ ಗುಂಡಿಯನ್ನು ನೋಡಿದ.

"ಹಾಗಾದರೆ ಬಂದಿದ್ದು ಯಾರು? ಇವರೋ, ಅವಳೋ?"

"ನೀನು ಯಾರನ್ನ ಕರೆದೆ?"

"ಹೆಸರು ಬರಲಿಲ್ಲ. ಬರೀ ಅಮ್ಮಾ ಅಂದೆ."

ಗುರುಗಳು ಹತ್ತಿರ ಬಂದು ಬಗ್ಗಿದರು. ಶಿಷ್ಯನ ಕೆನ್ನೆಯ ಮೇಲೆ ಸಾಸಿವೆಯಷ್ಟು ಗುಳ್ಳೆಗಳು ಎದ್ದಿದ್ದವು. ಹಣೆಯ ಮೇಲೆ ಹೊಳೆಯ ಮರಳು ಅಂಟಿತ್ತು, ಬೆರಳುಗಳ ಗುರುತಿನಲ್ಲಿ.

ಆ ಮರಳನ್ನು ಅವರು ಒರೆಸಲಿಲ್ಲ. ಕಂಬಳಿಯನ್ನು ಅವನ ಕತ್ತಿನವರೆಗೆ ಎಳೆದು ಹೇಳಿದರು:

"ಇನ್ನು ಕಲ್ಲು ಹುಡುಕೋದು ಬೇಡ ಬಿಡು. ಅಮ್ಮ ಬಂದಿದ್ದಾಳೆ."